ಸಾಕ್ಷ್ಯವನ್ನೇ ನಂಬಿ ಬಾಳಿದ ಸಂಶೋಧಕ: ಎಂ.ಎಂ. ಕಲಬುರ್ಗಿ ಬದುಕು, ಸಾವು ಮತ್ತು ಗುಂಡಿನ ಗುರುತು

ಕಲ್ಲಿನ ಮೇಲಿನ ಒಂದು ಅಕ್ಷರ ಸವೆದಿದ್ದರೆ ಅದು ಏನಾಗಿರಬಹುದೆಂದು ತಿಂಗಳುಗಟ್ಟಲೆ ಚಿಂತಿಸುತ್ತಿದ್ದವರು ಡಾ. ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ. ಆಧಾರವಿಲ್ಲದೆ ಮಾತಿಲ್ಲ ಎಂಬುದು ಅವರ ಸಂಶೋಧನೆಯ ಮೊದಲ ನಿಯಮವಾಗಿತ್ತು. ಅಂಥ ವಿದ್ವಾಂಸರ ಹತ್ಯೆಯ ಸತ್ಯವೂ ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುರುತುಗಳನ್ನು ಅವಲಂಬಿಸಬೇಕಾಯಿತು. ಗುಂಡಿನ ಮೈಮೇಲಿನ ಗೀರು ಮತ್ತು ಕಾಡತೂಸಿನ ಬೆನ್ನಿನ ಮೇಲೆ ಬಿದ್ದ ಸೂಜಿಮೊನೆಯಷ್ಟು ತಗ್ಗು, ಇವೇ ಆ ಗುರುತುಗಳು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ನಡೆದ ಆ ಹತ್ಯೆಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಹೊತ್ತಿಗೆ ನಾಲ್ಕು ವರ್ಷಗಳು ಉರುಳಿದ್ದವು. ಪ್ರಯೋಗಾಲಯ ಕೊಟ್ಟ ಸುಳಿವನ್ನು ವ್ಯವಸ್ಥೆ ಎಷ್ಟು ನಿಧಾನವಾಗಿ ಓದಿಕೊಂಡಿತು ಎಂಬುದು ಆ ನಾಲ್ಕು ವರ್ಷಗಳ ಕಥೆ.

ಕಲಬುರ್ಗಿಯವರು ನಮ್ಮನ್ನಗಲಿ ಒಂದು ದಶಕ ಸಂದಿದೆ. ಅವರ ಬದುಕನ್ನೂ ಅವರ ಸಾವಿನ ತನಿಖೆಯನ್ನೂ ಒಟ್ಟಿಗೆ ನೋಡಿದಾಗ ಎರಡರಲ್ಲೂ ಒಂದೇ ಪ್ರಶ್ನೆ ಎದ್ದು ಕಾಣುತ್ತದೆ. ಮೂಕವಾದ ವಸ್ತುವೊಂದು ಹೇಳುವ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ಮತ್ತು ತ್ವರೆ ನಮ್ಮಲ್ಲಿದೆಯೇ?

ಯರಗಲ್ಲಿನಿಂದ ಧಾರವಾಡಕ್ಕೆ

ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ 1938ರ ನವೆಂಬರ್ 28ರಂದು ಕಲಬುರ್ಗಿ ಜನಿಸಿದರು. ತಂದೆ ಮಡಿವಾಳಪ್ಪ, ತಾಯಿ ಗುರಮ್ಮ. ಬರದ ನಾಡೆಂದು ಹೆಸರಾದ ಆ ಸೀಮೆಯಲ್ಲಿ ನೀರಿಗೆ ಕೊರತೆಯಿದ್ದರೂ ಶಾಸನಗಳಿಗೆ ಕೊರತೆಯಿರಲಿಲ್ಲ. ಹೊಲದ ಬದುವಿನಲ್ಲಿ, ಹಾಳು ಗುಡಿಯ ಗೋಡೆಯಲ್ಲಿ, ಊರ ಮುಂದಿನ ಕಟ್ಟೆಯಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ನಿಂತಿರುವ ನಾಡು ಅದು.

ಪ್ರಾರಂಭದ ಶಿಕ್ಷಣವನ್ನು ತಮ್ಮ ಜಿಲ್ಲೆಯಲ್ಲೇ ಮುಗಿಸಿ ಅವರು ಧಾರವಾಡಕ್ಕೆ ಬಂದರು. 1962ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಕನ್ನಡ ಎಂ.ಎ. ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಅದೇ ವರ್ಷ ಕರ್ನಾಟಕ ಕಾಲೇಜಿನಲ್ಲಿ ಅಧ್ಯಾಪಕರಾದರು. 1966ರಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಸೇರಿದರು. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗದ ಪರಿಸರವನ್ನು ಕುರಿತ ಪ್ರಬಂಧಕ್ಕೆ 1968ರಲ್ಲಿ ಡಾಕ್ಟರೇಟ್ ದೊರೆಯಿತು. ಮುಂದೆ ವಿಭಾಗದ ಮುಖ್ಯಸ್ಥರೂ ಬಸವೇಶ್ವರ ಪೀಠದ ಅಧ್ಯಕ್ಷರೂ ಆದರು. ಮೇಷ್ಟ್ರಾಗಿ ಅವರು ಪಾಠ ಹೇಳಿದ ಹಲವರು ನಾಡಿನ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಸಂಶೋಧಕರಾಗಿ ಬೆಳೆದರು.

ಕಲ್ಲು, ತಾಳೆಗರಿ, ಪಾಠಾಂತರ

ಕಲಬುರ್ಗಿಯವರ ಕೃಷಿಯ ಹರವು ದೊಡ್ಡದು. ನೂರಕ್ಕೂ ಹೆಚ್ಚು ಪುಸ್ತಕಗಳು, ನಾಲ್ಕುನೂರಕ್ಕೂ ಮೀರಿದ ಲೇಖನಗಳು ಅವರ ಹೆಸರಿನಲ್ಲಿವೆ. ಶಾಸನಗಳಲ್ಲಿ ಶಿವಶರಣರು, ಕನ್ನಡ ಗ್ರಂಥ ಸಂಪಾದನಾ ಶಾಸ್ತ್ರ, ಕನ್ನಡ ನಾಮವಿಜ್ಞಾನ ಮುಂತಾದ ಗ್ರಂಥಗಳ ಹೆಸರುಗಳೇ ಅವರ ಆಸಕ್ತಿಯ ದಿಕ್ಕನ್ನು ತೋರಿಸುತ್ತವೆ. ಧಾರವಾಡ ಮತ್ತು ವಿಜಾಪುರ ಜಿಲ್ಲೆಗಳ ಶಾಸನ ಸೂಚಿಗಳನ್ನು ಸಿದ್ಧಪಡಿಸಿದರು. ಸಮಾಧಿ, ಬಲಿದಾನ, ವೀರಮರಣಗಳ ಸ್ಮಾರಕಗಳನ್ನು ಕುರಿತು ಪ್ರತ್ಯೇಕ ಅಧ್ಯಯನ ನಡೆಸಿದರು. ಚದುರಿದ ಸಂಶೋಧನ ಲೇಖನಗಳೆಲ್ಲ ಮಾರ್ಗ ಎಂಬ ಶೀರ್ಷಿಕೆಯ ಸಂಪುಟಗಳಲ್ಲಿ ಒಂದುಗೂಡಿದವು. ಮಾರ್ಗದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಪಂಪ ಪ್ರಶಸ್ತಿ, ನೃಪತುಂಗ ಪ್ರಶಸ್ತಿ, ಬಸವ ಪುರಸ್ಕಾರಗಳೂ ಅವರಿಗೆ ಲಭಿಸಿದವು.

ಗ್ರಂಥ ಸಂಪಾದನೆ ಎಂಬುದು ಸಾಮಾನ್ಯ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ ವಿದ್ಯೆ. ಒಂದೇ ಕೃತಿಯ ಹತ್ತಾರು ಓಲೆಪ್ರತಿಗಳು ಬೇರೆ ಬೇರೆ ಮಠಗಳಲ್ಲಿ, ಮನೆಗಳಲ್ಲಿ ದೊರೆಯುತ್ತವೆ. ಒಂದೊಂದು ಪ್ರತಿಯಲ್ಲೂ ಲಿಪಿಕಾರ ತನಗೆ ತಿಳಿದಂತೆ ತಿದ್ದಿರುತ್ತಾನೆ, ಕೆಲವೆಡೆ ಬಿಟ್ಟಿರುತ್ತಾನೆ, ಕೆಲವೆಡೆ ಸೇರಿಸಿರುತ್ತಾನೆ. ಸಂಪಾದಕನು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಒಂದರ ತಪ್ಪು ಇನ್ನೊಂದರಲ್ಲಿ ಮರುಕಳಿಸಿದೆಯೇ ಎಂದು ನೋಡುತ್ತಾನೆ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಅವೆರಡಕ್ಕೂ ಮೂಲ ಒಂದೇ ಎಂದು ಊಹಿಸುತ್ತಾನೆ. ಬಂದೂಕಿನ ಗುರುತನ್ನು ಓದುವ ವಿಧಿವಿಜ್ಞಾನಿಯ ತರ್ಕವೂ ಇದೇ ಜಾಡಿನದು.

ವಚನ ಸಾಹಿತ್ಯಕ್ಕೆ ಅವರು ಮಾಡಿದ ಕೆಲಸ ಇದರಲ್ಲಿ ಮುಖ್ಯವಾದುದು. ರಾಜ್ಯ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊರತಂದ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳಿಗೆ ಅವರು ಪ್ರಧಾನ ಸಂಪಾದಕರಾಗಿದ್ದರು. ಬೆಂಗಳೂರಿನ ಬಸವ ಸಮಿತಿಯ ಯೋಜನೆಯಲ್ಲಿ ಆಯ್ದ ವಚನಗಳು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋದಾಗಲೂ ಅವರೇ ಮುಂದೆ ನಿಂತರು. ವಿಜಾಪುರದ ಆದಿಲಶಾಹಿ ಅರಸರ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರಿಸುವ ಕೆಲಸಕ್ಕೂ ಕೈಹಾಕಿದರು.

ತುಮಕೂರು ಸೀಮೆಯ ನಂಟು

ಧಾರವಾಡದ ಈ ವಿದ್ವಾಂಸರ ಕೆಲಸಕ್ಕೂ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೂ ಹಳೆಯ ನಂಟಿದೆ. ಕಲ್ಯಾಣದ ಕ್ರಾಂತಿಯ ನಂತರ ಚದುರಿಹೋದ ವಚನಗಳನ್ನು ಮತ್ತೆ ಒಟ್ಟುಗೂಡಿಸಿ ಕಟ್ಟಿದ ವಿರಕ್ತ ಪರಂಪರೆಯ ಕೇಂದ್ರ ವ್ಯಕ್ತಿ ತೋಂಟದ ಸಿದ್ಧಲಿಂಗೇಶ್ವರರು. ಅವರ ಸಮಾಧಿ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿದೆ. ಶೂನ್ಯಸಂಪಾದನೆಯ ಸಂಕಲನಕಾರರಲ್ಲಿ ಒಬ್ಬನಾದ ಸಿದ್ಧವೀರಣ್ಣನ ಹೆಸರಿನೊಂದಿಗೆ ಗೂಳೂರು ಸೇರಿಕೊಂಡಿದೆ. ವೀರಶೈವ ಕಾವ್ಯ ಪರಂಪರೆಯ ದೊಡ್ಡ ಕವಿ ಮಲ್ಲಣಾರ್ಯನ ಹೆಸರಿನ ಹಿಂದೆ ಗುಬ್ಬಿ ನಿಂತಿದೆ.

ಇಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದರೆ ಹೊರಗಿನವರಿಗೆ ಹೆಲಿಕಾಪ್ಟರ್ ಕಾರ್ಖಾನೆ ನೆನಪಾಗುತ್ತದೆ. ಆ ಕಾವಲಿನ ಸುತ್ತಲಿನ ಸೀಮೆಯಲ್ಲೇ ಐದು ಶತಮಾನಗಳ ಹಿಂದೆ ಓಲೆಗರಿಗಳ ಮೇಲೆ ವಚನಗಳು ಮರುಹುಟ್ಟು ಪಡೆದವು. ಸಂಗ್ರಹಕಾರರು ಅಂದು ಉಳಿಸಿಕೊಟ್ಟದ್ದನ್ನೇ ಕಲಬುರ್ಗಿ ಮತ್ತು ಅವರ ಜೊತೆಗಾರರು ಇಪ್ಪತ್ತನೆಯ ಶತಮಾನದಲ್ಲಿ ಒರೆಗೆ ಹಚ್ಚಿದರು. ಯಾವುದು ಶರಣರ ಕಾಲದ ಮಾತು, ಯಾವುದು ನಂತರದ ಸೇರ್ಪಡೆ ಎಂದು ಬೇರ್ಪಡಿಸುವುದು ಈ ಕೆಲಸದ ತಿರುಳು. ಅವರನ್ನು ವಿವಾದಕ್ಕೆ ಎಳೆದದ್ದೂ ಇದೇ ಕೆಲಸ.

ಮಾರ್ಗದ ಮುಳ್ಳುಗಳು

1980ರ ದಶಕದ ಕೊನೆಯಲ್ಲಿ ಮಾರ್ಗದ ಮೊದಲ ಸಂಪುಟ ದೊಡ್ಡ ಬಿರುಗಾಳಿ ಎಬ್ಬಿಸಿತು. ಬಸವಣ್ಣನ ಪತ್ನಿ ನೀಲಾಂಬಿಕೆಯ ವಚನಗಳನ್ನು ಅವರು ಅರ್ಥೈಸಿದ ಬಗೆ ಮತ್ತು ಚನ್ನಬಸವಣ್ಣನ ಜನನದ ಬಗ್ಗೆ ಎತ್ತಿದ ಪ್ರಶ್ನೆಗಳು ಹಲವರನ್ನು ಕೆರಳಿಸಿದವು. ಪ್ರತಿಭಟನೆಗಳು ನಡೆದವು, ಬೆದರಿಕೆಗಳು ಬಂದವು. ಮಠಾಧೀಶರ ಎದುರು ವಿವರಣೆ ಕೊಡಬೇಕಾಯಿತು. ಒತ್ತಡ ತಾಳಲಾರದೆ 1989ರಲ್ಲಿ ಅವರು ಆ ಭಾಗಗಳನ್ನು ಹಿಂತೆಗೆದುಕೊಂಡರು. ಮನೆಯವರ ಜೀವ ಉಳಿಸಲು ಹಾಗೆ ಮಾಡಬೇಕಾಯಿತು ಎಂಬ ನೋವು ಅವರನ್ನು ಬಹುಕಾಲ ಕಾಡಿತು. ಆ ಘಟನೆಯನ್ನು ಅವರು ತಮ್ಮ ಬೌದ್ಧಿಕ ಬದುಕಿನ ಸಾವೆಂದೇ ಭಾವಿಸಿದ್ದರು.

ಆದರೂ ಅವರು ಬರವಣಿಗೆ ಬಿಡಲಿಲ್ಲ. ಕಲ್ಯಾಣದ ದುರಂತವನ್ನು ವಸ್ತುವಾಗುಳ್ಳ ಕೆಟ್ಟಿತ್ತು ಕಲ್ಯಾಣ ನಾಟಕವನ್ನು ರಚಿಸಿದರು. 1998ರಿಂದ 2001ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿ ಪ್ರಕಟಣೆ ಮತ್ತು ಸಂಶೋಧನೆಗೆ ಒತ್ತು ಕೊಟ್ಟರು. ಲಿಂಗಾಯತವು ಸ್ವತಂತ್ರ ಧರ್ಮ ಎಂಬ ತಮ್ಮ ನಿಲುವನ್ನು ದಾಖಲೆಗಳ ಬಲದಿಂದ ಮಂಡಿಸುತ್ತ ಹೋದರು. ಇದನ್ನು ಒಪ್ಪಿದವರೂ ಇದ್ದರು, ಕಟುವಾಗಿ ವಿರೋಧಿಸಿದವರೂ ಇದ್ದರು.

2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೌಢ್ಯ ನಿಷೇಧ ಮಸೂದೆ ಕುರಿತ ಸಭೆಯೊಂದರಲ್ಲಿ ಯು.ಆರ್. ಅನಂತಮೂರ್ತಿಯವರ ಹಳೆಯ ಬರಹವೊಂದನ್ನು ಪ್ರಸ್ತಾಪಿಸಿ ವಿಗ್ರಹಾರಾಧನೆಯ ಬಗ್ಗೆ ಆಡಿದ ಮಾತು ಮತ್ತೆ ಕಿಚ್ಚು ಹಚ್ಚಿತು. ಪ್ರತಿಭಟನೆಗಳು ನಡೆದವು, ಪೊಲೀಸ್ ದೂರು ದಾಖಲಾಯಿತು. ಅವರ ಮನೆಗೆ ಪೊಲೀಸ್ ಕಾವಲು ಒದಗಿಸಲಾಯಿತು. ಕೆಲಕಾಲದ ನಂತರ ಕಾವಲು ಬೇಡವೆಂದು ಅವರೇ ತಿಳಿಸಿದರು. ಹತ್ಯೆಯಾದ ದಿನ ಮನೆಯ ಮುಂದೆ ಕಾವಲು ಇರಲಿಲ್ಲ.

ಭಾನುವಾರದ ಆ ಬೆಳಗು

2015ರ ಆಗಸ್ಟ್ 30, ಭಾನುವಾರ. ಧಾರವಾಡದ ಕಲ್ಯಾಣನಗರದ ಮನೆಗೆ ಬೆಳಗ್ಗೆ ಎಂಟೂ ಮುಕ್ಕಾಲರ ಸುಮಾರಿಗೆ ಇಬ್ಬರು ಮೋಟಾರ್ ಸೈಕಲ್‌ನಲ್ಲಿ ಬಂದರು. ಒಬ್ಬ ಬಾಗಿಲು ತಟ್ಟಿದ. ಪತ್ನಿ ಉಮಾದೇವಿಯವರು ಬಾಗಿಲು ತೆರೆದರು. ಮೇಷ್ಟ್ರನ್ನು ಕಾಣಲು ವಿದ್ಯಾರ್ಥಿಗಳು, ಓದುಗರು ಬಂದುಹೋಗುವುದು ಆ ಮನೆಗೆ ಹೊಸತಲ್ಲ. ಕೆಲವೇ ಕ್ಷಣಗಳಲ್ಲಿ ಗುಂಡಿನ ಸದ್ದು ಕೇಳಿತು. ಕಲಬುರ್ಗಿಯವರ ಹಣೆಗೆ ತೀರ ಹತ್ತಿರದಿಂದ ಗುಂಡು ಹಾರಿಸಲಾಗಿತ್ತು. ಬಂದವರು ಬಂದ ದಾರಿಯಲ್ಲೇ ಪರಾರಿಯಾದರು. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಆಗ ಅವರಿಗೆ 76 ವರ್ಷ.

ಮರುದಿನ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ದೇಶದ ಹಲವು ಭಾಷೆಗಳ ಲೇಖಕರು ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗಳನ್ನು ಹಿಂತಿರುಗಿಸಿ ತಮ್ಮ ಪ್ರತಿಭಟನೆಯನ್ನು ದಾಖಲಿಸಿದರು. ಹಿಂದಿಯ ಲೇಖಕ ಉದಯ ಪ್ರಕಾಶ್ ಅವರಲ್ಲಿ ಮೊದಲಿಗರು. ರಾಜ್ಯ ಸರ್ಕಾರ ತನಿಖೆಯನ್ನು ಸಿಐಡಿಗೆ ವಹಿಸಿತು.

ಕೊಂದವರ ಮುಖವನ್ನು ಕಂಡವರು ಬಹಳ ಕಡಿಮೆ. ಸ್ಥಳದಲ್ಲಿ ಉಳಿದದ್ದು ಖಾಲಿ ಕಾಡತೂಸು ಮತ್ತು ಗುಂಡು. ತನಿಖೆ ನಿಂತದ್ದು ಅವುಗಳ ಮೇಲೆ.

ಗುಂಡು ಓದುವ ವಿದ್ಯೆ

ಪಿಸ್ತೂಲಿನ ಕುದುರೆ ಎಳೆದಾಗ ಫೈರಿಂಗ್ ಪಿನ್ ಎಂಬ ಸಣ್ಣ ಮೊಳೆ ಕಾಡತೂಸಿನ ಬೆನ್ನಿಗೆ ಬಡಿಯುತ್ತದೆ. ಅಲ್ಲಿ ಒಂದು ತಗ್ಗು ಬೀಳುತ್ತದೆ. ಒಳಗಿನ ಮದ್ದು ಸಿಡಿದ ರಭಸಕ್ಕೆ ಕಾಡತೂಸು ಹಿಂದಿನ ಲೋಹದ ಗೋಡೆಗೆ ಒತ್ತಿಕೊಂಡು ಅದರ ಒರಟು ಮೇಲ್ಮೈಯ ಅಚ್ಚನ್ನು ಪಡೆಯುತ್ತದೆ. ಗುಂಡು ನಳಿಗೆಯಲ್ಲಿ ಉಜ್ಜಿಕೊಂಡು ಸಾಗುವಾಗ ಅದರ ಮೈಮೇಲೆ ಗೀರುಗಳು ಮೂಡುತ್ತವೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಪಿಸ್ತೂಲುಗಳ ಗುರುತುಗಳೂ ಸೂಕ್ಷ್ಮವಾಗಿ ಬೇರೆಯಾಗಿರುತ್ತವೆ ಎಂಬುದು ಈ ವಿದ್ಯೆಯ ತಳಹದಿ. ಕೈಯಿಂದ ಅರೆದು ಮಾಡಿದ ನಾಡ ಪಿಸ್ತೂಲಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ಇಂಥ ಎರಡು ವಸ್ತುಗಳನ್ನು ಒಟ್ಟಿಗೆ ನೋಡಲು ಹೋಲಿಕೆ ಸೂಕ್ಷ್ಮದರ್ಶಕ ಎಂಬ ಉಪಕರಣವನ್ನು ಬಳಸುತ್ತಾರೆ. ಎರಡು ಸೂಕ್ಷ್ಮದರ್ಶಕಗಳನ್ನು ಬೆಸೆದು ಒಂದೇ ಕಿಂಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ವಸ್ತು ಕಾಣುವಂತೆ ಮಾಡಿದ ಸಾಧನ ಅದು. 1920ರ ದಶಕದಲ್ಲಿ ಅಮೆರಿಕದಲ್ಲಿ ಇದು ಬಳಕೆಗೆ ಬಂತು. 1929ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಸಾಮೂಹಿಕ ಹತ್ಯೆಯ ತನಿಖೆಯಲ್ಲಿ ಕ್ಯಾಲ್ವಿನ್ ಗಾಡರ್ಡ್ ಎಂಬ ತಜ್ಞ ಇದರಿಂದಲೇ ಬಂದೂಕುಗಳ ಗುರುತು ಹಿಡಿದ ನಂತರ ಜಗತ್ತಿನ ಪೊಲೀಸರು ಇದರತ್ತ ತಿರುಗಿದರು.

ಈ ವಿದ್ಯೆಗೆ ಮಿತಿಯೂ ಇದೆ. ಎರಡು ಕಾಡತೂಸುಗಳು ಒಂದೇ ಬಂದೂಕಿನಿಂದ ಹಾರಿದವು ಎಂದು ಪ್ರಯೋಗಾಲಯ ಹೇಳಬಲ್ಲದು. ಬಂದೂಕನ್ನು ಯಾರ ಕೈ ಹಿಡಿದಿತ್ತು ಎಂದು ಅದು ಹೇಳಲಾರದು. ಕಾನೂನಿನ ಕಣ್ಣಿನಲ್ಲೂ ಇದು ತಜ್ಞರ ಅಭಿಪ್ರಾಯ ಮಾತ್ರ. ಉಳಿದ ಸಾಕ್ಷ್ಯಗಳ ಜೊತೆ ಕೂಡಿದಾಗ ಇದಕ್ಕೆ ಬಲ ಬರುತ್ತದೆ.

ಒಂದು ಸುಳಿವು, ಮೂರು ತನಿಖೆಗಳು

ಕಲಬುರ್ಗಿ ಹತ್ಯೆಗೆ ಮುನ್ನ ಮಹಾರಾಷ್ಟ್ರದಲ್ಲಿ ಇಬ್ಬರು ವಿಚಾರವಾದಿಗಳು ಇದೇ ಬಗೆಯಲ್ಲಿ ಬಲಿಯಾಗಿದ್ದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಡಾ. ನರೇಂದ್ರ ದಾಭೋಲ್ಕರ್ ಹತ್ಯೆಯಾಯಿತು. 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ ಗುಂಡೇಟು ತಿಂದ ಗೋವಿಂದ ಪಾನ್ಸರೆ ನಾಲ್ಕು ದಿನಗಳ ನಂತರ ಕೊನೆಯುಸಿರೆಳೆದರು. ಮೂರೂ ಕಡೆ ದಾಳಿ ನಡೆದದ್ದು ಬೆಳಗಿನ ಹೊತ್ತು. ಮೂರೂ ಕಡೆ ಬಂದವರು ಮೋಟಾರ್ ಸೈಕಲ್ ಸವಾರರು. ಮೂರೂ ಕಡೆ 7.65 ಮಿಲಿಮೀಟರ್ ನಾಡ ಪಿಸ್ತೂಲಿನ ಬಳಕೆ ಕಂಡುಬಂತು.

ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ಧಾರವಾಡದ ಕಾಡತೂಸುಗಳನ್ನು ಪಾನ್ಸರೆ ಪ್ರಕರಣದ ಕಾಡತೂಸುಗಳೊಂದಿಗೆ ಹೋಲಿಸಿತು. ಪಾನ್ಸರೆಯವರ ಮೇಲೆ ಎರಡು ಪಿಸ್ತೂಲುಗಳಿಂದ ಗುಂಡು ಹಾರಿಸಲಾಗಿತ್ತು. ಅವುಗಳಲ್ಲಿ ಒಂದು ಕಲಬುರ್ಗಿ ಹತ್ಯೆಯಲ್ಲೂ ಇನ್ನೊಂದು ದಾಭೋಲ್ಕರ್ ಹತ್ಯೆಯಲ್ಲೂ ಬಳಕೆಯಾಗಿದೆ ಎಂಬುದು ಬೆಂಗಳೂರಿನ ತಜ್ಞರ ಅಭಿಪ್ರಾಯವಾಗಿತ್ತು. ಅಂದರೆ ಮೂರು ನಗರಗಳ ಮೂರು ಹತ್ಯೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ಸುಳಿವು ಸೂಕ್ಷ್ಮದರ್ಶಕದ ಕಿಂಡಿಯಲ್ಲಿ ಕಂಡಿತ್ತು.

ಆದರೆ ತನಿಖೆ ಮೂರು ಸಂಸ್ಥೆಗಳ ಕೈಯಲ್ಲಿ ಹಂಚಿಹೋಗಿತ್ತು. ದಾಭೋಲ್ಕರ್ ಪ್ರಕರಣ ಸಿಬಿಐ ಬಳಿ, ಪಾನ್ಸರೆ ಪ್ರಕರಣ ಮಹಾರಾಷ್ಟ್ರದ ವಿಶೇಷ ತನಿಖಾ ತಂಡದ ಬಳಿ, ಕಲಬುರ್ಗಿ ಪ್ರಕರಣ ಕರ್ನಾಟಕದ ಸಿಐಡಿ ಬಳಿ. ಮುಂಬೈ ಪ್ರಯೋಗಾಲಯದ ಅಭಿಪ್ರಾಯಕ್ಕೂ ಬೆಂಗಳೂರಿನ ಅಭಿಪ್ರಾಯಕ್ಕೂ ಹೊಂದಾಣಿಕೆ ಬರಲಿಲ್ಲ. ಆಗ ಮೂರನೆಯ ಅಭಿಪ್ರಾಯಕ್ಕಾಗಿ ಕಾಡತೂಸುಗಳನ್ನು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ಗೆ ಕಳುಹಿಸುವುದಾಗಿ ಸಿಬಿಐ ಬಾಂಬೆ ಹೈಕೋರ್ಟ್‌ಗೆ ತಿಳಿಸಿತು. ತಿಂಗಳುಗಳು ಉರುಳಿದವು. ಕೊನೆಗೆ ಅಂಥ ಪರೀಕ್ಷೆಗೆ ಎರಡು ದೇಶಗಳ ನಡುವೆ ಕಾನೂನಿನ ಏರ್ಪಾಡು ಇಲ್ಲವೆಂಬ ಕಾರಣಕ್ಕೆ ಆ ದಾರಿ ಮುಚ್ಚಿತು. ನಂತರ ಗುಜರಾತಿನ ಪ್ರಯೋಗಾಲಯದ ಮೊರೆ ಹೋಗಬೇಕಾಯಿತು. ಈ ವಿಳಂಬದ ಬಗ್ಗೆ ಹೈಕೋರ್ಟ್ ಪದೇಪದೇ ಅಸಮಾಧಾನ ವ್ಯಕ್ತಪಡಿಸಿತು.

ಎರಡನೆಯ ಅಭಿಪ್ರಾಯ ಕೇಳುವುದು ತಪ್ಪಲ್ಲ. ನಾಳೆ ನ್ಯಾಯಾಲಯದಲ್ಲಿ ಪಾಟೀಸವಾಲು ಎದುರಿಸಬೇಕಾದ ಸಾಕ್ಷ್ಯ ಗಟ್ಟಿಯಾಗಿರಲೇಬೇಕು. ಆದರೆ ನ್ಯಾಯಾಲಯಕ್ಕೆ ಬೇಕಾದ ಪುರಾವೆಯ ಮಟ್ಟ ಬೇರೆ, ತನಿಖೆಗೆ ದಿಕ್ಕು ತೋರಿಸಲು ಬೇಕಾದ ಸುಳಿವಿನ ಮಟ್ಟ ಬೇರೆ. ಮೊದಲನೆಯದಕ್ಕಾಗಿ ಕಾಯುತ್ತ ಎರಡನೆಯದನ್ನು ಕೈಬಿಡುವುದು ದುಬಾರಿಯಾಗುತ್ತದೆ. ಅದು ಎಷ್ಟು ದುಬಾರಿಯಾಯಿತು ಎಂಬುದು ಬೆಂಗಳೂರಿನಲ್ಲಿ ತಿಳಿಯಿತು.

ಅದೇ ಪಿಸ್ತೂಲು ಮತ್ತೆ

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಿನಲ್ಲೇ ಗುಂಡಿಗೆ ಬಲಿಯಾದರು. ಸ್ಥಳದಲ್ಲಿ ದೊರೆತ ಕಾಡತೂಸುಗಳನ್ನು ಮಡಿವಾಳದ ಪ್ರಯೋಗಾಲಯ ಧಾರವಾಡದ ಕಾಡತೂಸುಗಳ ಪಕ್ಕದಲ್ಲಿಟ್ಟು ನೋಡಿತು. ಗುರುತುಗಳು ಹೊಂದಿಕೊಂಡವು. ಕಲಬುರ್ಗಿಯವರ ಮನೆಯಲ್ಲಿ ಸಿಡಿದ ಪಿಸ್ತೂಲೇ ಎರಡು ವರ್ಷಗಳ ನಂತರ ಗೌರಿಯವರ ಮನೆಯ ಮುಂದೆಯೂ ಸಿಡಿದಿತ್ತು ಎಂಬ ವರದಿ 2018ರಲ್ಲಿ ನ್ಯಾಯಾಲಯದ ಕಡತ ಸೇರಿತು.

ಎರಡು ವರ್ಷ ಆ ಪಿಸ್ತೂಲು ಯಾವುದೋ ಊರಿನ ಯಾವುದೋ ಮನೆಯಲ್ಲಿ ಸುರಕ್ಷಿತವಾಗಿತ್ತು. ಮೊದಲ ಸುಳಿವನ್ನು ಹಿಡಿದು ಮೂರೂ ತನಿಖೆಗಳು ಒಂದಾಗಿದ್ದರೆ ಅದು ಮತ್ತೆ ಹೊರಬರುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾಗದು. ಆದರೆ ಆ ಪ್ರಶ್ನೆಯನ್ನು ಕೇಳದೆ ಇರಲೂ ಆಗದು.

ಗೌರಿ ಪ್ರಕರಣದ ವಿಶೇಷ ತನಿಖಾ ತಂಡ ವಿಧಿವಿಜ್ಞಾನವನ್ನು ಬೇರೆ ಬಗೆಯಲ್ಲಿ ಬಳಸಿಕೊಂಡಿತು. ಹೆಲ್ಮೆಟ್ ಧರಿಸಿದ್ದ ದಾಳಿಕೋರನ ಮುಖ ಸಿಸಿಟಿವಿ ಚಿತ್ರಿಕೆಯಲ್ಲಿ ಕಾಣುತ್ತಿರಲಿಲ್ಲ. ಆತನ ನಡಿಗೆಯ ಭಂಗಿಯನ್ನು ಶಂಕಿತನ ನಡಿಗೆಯೊಂದಿಗೆ ಹೋಲಿಸುವ ಪರೀಕ್ಷೆಯನ್ನು ಗಾಂಧಿನಗರದ ಪ್ರಯೋಗಾಲಯದಲ್ಲಿ ಮಾಡಿಸಲಾಯಿತು. ವಶಪಡಿಸಿಕೊಂಡ ಡೈರಿಗಳ ಬರಹ, ದೂರವಾಣಿ ಕರೆಗಳ ಜಾಡು, ಬಾಡಿಗೆ ಮನೆಗಳ ವಿವರ ಎಲ್ಲವನ್ನೂ ಕೂಡಿಸಿ ಜಾಲವೊಂದರ ಚಿತ್ರವನ್ನು ತಂಡ ನ್ಯಾಯಾಲಯದ ಮುಂದಿಟ್ಟಿತು. ಬಿಚ್ಚಿ ಎಸೆಯಲಾಗಿದೆ ಎನ್ನಲಾದ ಪಿಸ್ತೂಲುಗಳಿಗಾಗಿ ಸಿಬಿಐ ನಡೆಸಿದ ಹುಡುಕಾಟ ಮುಂಬೈ ಸಮೀಪದ ಖಾರಿಯ ತಳದವರೆಗೂ ಹೋಯಿತು.

ಒಬ್ಬ ಪತ್ನಿಯ ಅರ್ಜಿ

ಇತ್ತ ಧಾರವಾಡದ ಪ್ರಕರಣ ಮಾತ್ರ ಇದ್ದಲ್ಲೇ ಇತ್ತು. ಉಮಾದೇವಿಯವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2018ರ ಜನವರಿಯಲ್ಲಿ ನ್ಯಾಯಾಲಯ ಕೇಂದ್ರ ಮತ್ತು ರಾಜ್ಯದ ತನಿಖಾ ಸಂಸ್ಥೆಗಳಿಂದ ಉತ್ತರ ಕೇಳಿತು. ಅದೇ ವರ್ಷದ ಕೊನೆಯಲ್ಲಿ ತನಿಖೆಯ ಮಂದಗತಿಯ ಬಗ್ಗೆ ಅತೃಪ್ತಿ ಸೂಚಿಸಿತು. 2019ರ ಫೆಬ್ರವರಿಯಲ್ಲಿ ಪ್ರಕರಣವನ್ನು ಗೌರಿ ಹತ್ಯೆಯ ತನಿಖೆ ನಡೆಸಿದ್ದ ವಿಶೇಷ ತಂಡಕ್ಕೇ ಒಪ್ಪಿಸಿ, ಹೈಕೋರ್ಟ್‌ನ ಧಾರವಾಡ ಪೀಠಕ್ಕೆ ಉಸ್ತುವಾರಿ ವಹಿಸಿತು.

ಮುಂದಿನದು ಆರೇ ತಿಂಗಳ ಕೆಲಸ. ಗುರುತು ಪತ್ತೆ ಪರೇಡ್ ನಡೆಯಿತು. ನಾಲ್ಕು ವರ್ಷಗಳ ಹಿಂದೆ ಕ್ಷಣಮಾತ್ರ ಕಂಡಿದ್ದ ಮುಖವನ್ನು ಉಮಾದೇವಿಯವರು ನೆನಪಿನಿಂದ ಹೆಕ್ಕಬೇಕಾಯಿತು. 2019ರ ಆಗಸ್ಟ್‌ನಲ್ಲಿ ಆರು ಮಂದಿಯ ವಿರುದ್ಧ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಆರೋಪ ಸಾಬೀತಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಹೊಣೆ ನ್ಯಾಯಾಲಯದ್ದು. ದಾಭೋಲ್ಕರ್ ಪ್ರಕರಣದಲ್ಲಿ ಪುಣೆಯ ನ್ಯಾಯಾಲಯ 2024ರ ಮೇ 10ರಂದು ತೀರ್ಪು ನೀಡಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಮೂವರನ್ನು ಖುಲಾಸೆಗೊಳಿಸಿತು. ಹತ್ಯೆಗೂ ತೀರ್ಪಿಗೂ ನಡುವೆ ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚಿನ ಅಂತರ.

ವಿಳಂಬ ಎಲ್ಲಿಂದ ಬರುತ್ತದೆ

ಹೆಸರಾಂತ ವ್ಯಕ್ತಿಯ ಹತ್ಯೆಗೇ ಈ ಗತಿಯಾದರೆ ಹೆಸರಿಲ್ಲದವರ ಪಾಡೇನು? ತಾಲ್ಲೂಕು ಕೇಂದ್ರದ ಠಾಣೆಯೊಂದರಲ್ಲಿ ದಾಖಲಾಗುವ ಕೊಲೆ ಪ್ರಕರಣದ ಹಾದಿಯನ್ನು ಗಮನಿಸಿದರೆ ವಿಳಂಬದ ಬೇರುಗಳು ಕಾಣುತ್ತವೆ. ಸ್ಥಳದಲ್ಲಿ ಸಿಕ್ಕ ರಕ್ತದ ಕಲೆ, ಬಟ್ಟೆ, ಆಯುಧಗಳನ್ನು ಪಂಚರ ಸಮಕ್ಷಮ ಮಹಜರು ಮಾಡಿ, ಮೊಹರು ಹಾಕಿ ಠಾಣೆಯಲ್ಲಿ ಇಡಲಾಗುತ್ತದೆ. ಅಲ್ಲಿಂದ ಸಿಬ್ಬಂದಿಯೊಬ್ಬರು ಅದನ್ನು ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಒಳಾಂಗಗಳ ಮಾದರಿಯೂ ಹೀಗೆಯೇ ಪ್ರಯಾಣ ಮಾಡುತ್ತದೆ. ವಿಷಪ್ರಾಶನದ ಶಂಕೆಯಿದ್ದರೆ ಆ ವರದಿ ಬರುವವರೆಗೆ ಅದು ಕೊಲೆಯೋ ಆತ್ಮಹತ್ಯೆಯೋ ಎಂಬುದೇ ತೀರ್ಮಾನವಾಗದು.

ಪ್ರಯೋಗಾಲಯದಲ್ಲಿ ಸರದಿ. ಒಂದು ಕಡತಕ್ಕೆ ತಜ್ಞರು ವಾರಗಟ್ಟಲೆ ಶ್ರಮಿಸಬೇಕು. ಅದೇ ತಜ್ಞರು ಹಳೆಯ ಪ್ರಕರಣಗಳಿಗೆ ಸಾಕ್ಷಿ ನುಡಿಯಲು ಜಿಲ್ಲೆ ಜಿಲ್ಲೆಯ ನ್ಯಾಯಾಲಯಗಳಿಗೆ ಓಡಾಡಬೇಕಾಗುತ್ತದೆ. ಇತ್ತ ಕಾನೂನಿನ ಗಡಿಯಾರ ನಿಲ್ಲುವುದಿಲ್ಲ. ಕೊಲೆ ಪ್ರಕರಣದಲ್ಲಿ ಆರೋಪಿ ಬಂಧನದಲ್ಲಿದ್ದರೆ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು, ಇಲ್ಲವಾದರೆ ಆತನಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಹೀಗಾಗಿ ಪ್ರಯೋಗಾಲಯದ ವರದಿ ಕೈಸೇರುವ ಮುನ್ನವೇ ಪಟ್ಟಿ ಸಲ್ಲಿಸಿ, ವರದಿಯನ್ನು ಆಮೇಲೆ ಸೇರಿಸುವ ಪದ್ಧತಿ ಬೆಳೆದಿದೆ. ವರದಿ ಬಂದಾಗ ಅದು ಪೊಲೀಸರ ಊಹೆಗೆ ವಿರುದ್ಧವಾಗಿದ್ದರೆ ನಿರಪರಾಧಿಯೊಬ್ಬ ಅಷ್ಟು ದಿನ ಸೆರೆಯಲ್ಲಿ ಕಳೆದಿರುತ್ತಾನೆ, ನಿಜವಾದ ಅಪರಾಧಿಯ ಜಾಡು ಆರಿಹೋಗಿರುತ್ತದೆ. ವಿಳಂಬದ ಪೆಟ್ಟು ಎರಡೂ ಕಡೆ ಬೀಳುತ್ತದೆ.

ಈಚಿನ ವರ್ಷಗಳಲ್ಲಿ ಕೆಲವು ಬದಲಾವಣೆಗಳು ಆಗಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡುವುದನ್ನು ಕಡ್ಡಾಯಗೊಳಿಸಿದೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಕಾಲಾವಕಾಶ ಕೊಡಲಾಗಿದೆ. ಕಲಬುರ್ಗಿಯವರು ಬದುಕಿ ಬಾಳಿದ ಧಾರವಾಡದಲ್ಲೇ 2023ರ ಜನವರಿಯಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ಶಂಕುಸ್ಥಾಪನೆ ನೆರವೇರಿತು. ತಜ್ಞರ ಹೊಸ ಪೀಳಿಗೆ ಆ ಊರಿನಲ್ಲಿ ಸಿದ್ಧವಾಗಲಿ ಎಂದು ಆಶಿಸಬಹುದು. ಆದರೆ ತಜ್ಞರು ಹೇಳಿದ್ದನ್ನು ತಡಮಾಡದೆ ಕೇಳಿಸಿಕೊಳ್ಳುವ ತನಿಖಾ ವ್ಯವಸ್ಥೆಯೂ ಅಷ್ಟೇ ಅಗತ್ಯ.

ಉಳಿದುಹೋದ ಕೆಲಸ

ಕಲಬುರ್ಗಿಯವರ ಪುಸ್ತಕಗಳು ಕಪಾಟುಗಳಲ್ಲಿವೆ. ವಚನ ಸಂಪುಟಗಳು ಮರುಮುದ್ರಣ ಕಂಡಿವೆ. ಅವರ ಕೆಲವು ತೀರ್ಮಾನಗಳನ್ನು ನಂತರದ ಸಂಶೋಧಕರು ಒಪ್ಪಿಲ್ಲ, ಕೆಲವನ್ನು ತಿದ್ದಿದ್ದಾರೆ. ಸಂಶೋಧನೆಯ ದಾರಿಯೇ ಹಾಗೆ. ಹೊಸ ಶಾಸನ ಸಿಕ್ಕರೆ ಹಳೆಯ ಮಾತನ್ನು ಬದಲಿಸಲು ಅವರೂ ಹಿಂಜರಿಯುತ್ತಿರಲಿಲ್ಲ. ಪುಸ್ತಕಕ್ಕೆ ಪುಸ್ತಕದಿಂದ, ಆಧಾರಕ್ಕೆ ಆಧಾರದಿಂದ ಉತ್ತರ ಕೊಡುವ ಪದ್ಧತಿಯನ್ನು ಅವರು ಜೀವನದುದ್ದಕ್ಕೂ ಪಾಲಿಸಿದರು. ಆ ಪದ್ಧತಿಯಲ್ಲಿ ನಂಬಿಕೆ ಇಲ್ಲದವರು ಅವರಿಗೆ ಗುಂಡಿನಿಂದ ಉತ್ತರ ಕೊಟ್ಟರು.

ಶಾಸನದ ಕಲ್ಲು ಎಂಟುನೂರು ವರ್ಷ ಮಣ್ಣಿನಲ್ಲಿದ್ದರೂ ಓದುವವನಿಗಾಗಿ ಕಾಯುತ್ತದೆ. ಕೊಲೆಯ ಸಾಕ್ಷ್ಯಕ್ಕೆ ಅಷ್ಟು ಆಯುಸ್ಸಿಲ್ಲ. ಸಾಕ್ಷಿಗಳಿಗೆ ವಯಸ್ಸಾಗುತ್ತದೆ, ನೆನಪು ಮಸುಕಾಗುತ್ತದೆ, ಆಯುಧ ನೀರಿನ ಪಾಲಾಗುತ್ತದೆ. ಕಲಬುರ್ಗಿಯವರ ಮನೆಯಲ್ಲಿ ಬಿದ್ದಿದ್ದ ಕಾಡತೂಸು ತನಗೆ ತಿಳಿದಿದ್ದನ್ನು ಬೇಗನೆ ಹೇಳಿತ್ತು. ಅದನ್ನು ಓದಿ ಮುಗಿಸಲು ನಾಲ್ಕು ವರ್ಷ ಹಿಡಿಯಿತು.